ಆತಂಕವೂ ಒಂದು ರೋಗ



ಈ ಶ್ರಾವಣ ಮಾಸದಲ್ಲಿ ದಿನಕ್ಕೊಂದು ವಿಷಯದಂತೆ ಮಾತನಾಡುತ್ತ ಬಂದಿದ್ದೇವೆ. ಇಂದು ಒಂದು ರೋಗದ ವಿಚಾರವನ್ನು ಹೇಳಬೇಕೆಂದಿದ್ದೇವೆ. ಸ್ವಾಮಿಗಳಿಗೂ ರೋಗಕ್ಕೂ ಏನು ಸಂಬಂಧ, ಅದಕ್ಕೆ ವೈದ್ಯರಿಲ್ಲವೇ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಸಂಬಂಧವಿದೆ. ಜ್ವರ ಬಂದವನು ನೆಟ್ಟಗೆ ಆಸ್ಪತ್ರೆಗೆ ಹೋಗುತ್ತಾನೆ. ಕಾಲು ಮುರಿದವನನ್ನು ನಾಲ್ಕು ಜನ ಹೊತ್ತುಕೊಂಡು ಹೋಗುತ್ತಾರೆ. ಆದರೆ ಈ ರೋಗ ಹಿಡಿದವನು ಮೊದಲು ಬರುವುದು ಮಠಕ್ಕೆ, ಗುಡಿಗೆ, ತಾಯಿತ ಕಟ್ಟುವವನ ಬಳಿಗೆ. ಬೆಳಿಗ್ಗೆ ಪೂಜೆ ಮುಗಿಸಿ ನಾವು ದರ್ಶನಕ್ಕೆ ಕುಳಿತಾಗ ಬರುವವರಲ್ಲಿ ಅನೇಕರು ಹೇಳುವ ಮಾತು ಒಂದೇ ತೆರನಾದದ್ದು: “ಬುದ್ಧಿ, ಯಾಕೋ ಎದೆ ಡವಡವ ಅಂತದೆ, ರಾತ್ರಿ ನಿದ್ದೆ ಬರಲ್ಲ, ಏನೋ ಆಗಿಬಿಡ್ತದೆ ಅಂತ ಭಯ.” ಏನು ಆಗುತ್ತದೆ ಎಂದು ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ.

ಇದಕ್ಕೆ ನಮ್ಮ ಆಡುಮಾತಿನಲ್ಲಿ ಅಂಜಿಕೆ, ದಿಗಿಲು, ಗಾಬರಿ, ಕಳವಳ ಎಂದು ಎಷ್ಟೋ ಹೆಸರುಗಳಿವೆ. ವೈದ್ಯರು ಆತಂಕದ ಕಾಯಿಲೆ ಎನ್ನುತ್ತಾರೆ. ಈ ‘ಆತಂಕ’ ಎಂಬ ಶಬ್ದವನ್ನು ಸ್ವಲ್ಪ ವಿಚಾರಿಸೋಣ. ನಾವು ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡುತ್ತಿದ್ದಾಗ ನಾನಾರ್ಥವರ್ಗದಲ್ಲಿ ಈ ಶಬ್ದ ಬರುತ್ತಿತ್ತು. ಅಮರಸಿಂಹನು ಅದಕ್ಕೆ ರೋಗ, ತಾಪ, ಶಂಕೆ ಎಂದು ಮೂರು ಅರ್ಥಗಳನ್ನು ಹೇಳುತ್ತಾನೆ. ನಾವು ಇಂದು ಕನ್ನಡದಲ್ಲಿ ಉಳಿಸಿಕೊಂಡಿರುವುದು ಕೊನೆಯ ಅರ್ಥವೊಂದನ್ನೇ, ಮೊದಲನೆಯದನ್ನು ಮರೆತಿದ್ದೇವೆ. ಚರಕಸಂಹಿತೆಯ ನಿದಾನಸ್ಥಾನದಲ್ಲಿ ವ್ಯಾಧಿಗೆ ಪರ್ಯಾಯ ಪದಗಳನ್ನು ಎಣಿಸುವಾಗ ಆಮಯ, ಗದ, ಜ್ವರ, ವಿಕಾರ ಇವುಗಳ ಸಾಲಿನಲ್ಲಿಯೇ ಆತಂಕವನ್ನೂ ಇಟ್ಟಿದ್ದಾರೆ. ಇನ್ನು ‘ಉದ್ವೇಗ’ ಎಂಬುದು ‘ವಿಜ್’ ಧಾತುವಿನಿಂದ ಬಂದ ಶಬ್ದ. ಧಾತುಪಾಠವು ಆ ಧಾತುವಿಗೆ ಭಯ ಮತ್ತು ಚಲನ ಎಂದು ಎರಡು ಅರ್ಥ ಕೊಡುತ್ತದೆ. ಭಯ ಮನಸ್ಸಿನದು, ನಡುಕ ದೇಹದ್ದು. ಎರಡನ್ನೂ ಒಂದೇ ಧಾತುವಿನಲ್ಲಿ ಹಿಡಿದಿಟ್ಟ ವೈಯಾಕರಣರ ಸೂಕ್ಷ್ಮತೆಯನ್ನು ನೋಡಿ! ಅದೇ ಚರಕರ ವಿಮಾನಸ್ಥಾನದಲ್ಲಿ ರಜಸ್ಸು ತಮಸ್ಸುಗಳಿಂದ ಹುಟ್ಟುವ ಮನೋವಿಕಾರಗಳನ್ನು ಹೇಳುವಾಗ ಉದ್ವೇಗವನ್ನೂ ಭಯವನ್ನೂ ಹೆಸರಿಸಿದ್ದಾರೆ. ಶಬ್ದದ ವಿಚಾರಕ್ಕೆ ಇಳಿದರೆ ನಮಗೆ ಹೊತ್ತು ಹೋಗುವುದು ತಿಳಿಯುವುದಿಲ್ಲ, ತಾವು ಸಹಿಸಿಕೊಳ್ಳಬೇಕು. ಹೇಳಬೇಕಾದದ್ದು ಇಷ್ಟೇ: ಆತಂಕವನ್ನು ರೋಗವೆಂದು ಕರೆದದ್ದು ನಿನ್ನೆ ಮೊನ್ನೆ ಬಂದ ಡಾಕ್ಟರರಲ್ಲ.

ಹಾಗಾದರೆ ಚಿಂತೆಯಿರುವವರೆಲ್ಲ ರೋಗಿಗಳೇ? ಅಲ್ಲ. ಮಳೆ ಬಾರದಿದ್ದರೆ ರೈತನಿಗೆ ಚಿಂತೆ. ಕೊಳವೆಬಾವಿ ತೋಡಿಸಲು ಮಾಡಿದ ಸಾಲ, ಮಗಳ ಮದುವೆ, ಮಗನ ಪರೀಕ್ಷೆ, ಇವೆಲ್ಲ ಸಂಸಾರಿಗೆ ಚಿಂತೆಯೇ. ಅದು ಇರಬೇಕಾದ ಚಿಂತೆ. ಭಯವನ್ನು ಶಿವನು ಜೀವಿಗಳಿಗೆ ಕೊಟ್ಟದ್ದು ಜೀವ ಉಳಿಸಿಕೊಳ್ಳಲೆಂದು. ಹೊಲದಲ್ಲಿ ಹಾವನ್ನು ಕಂಡವನ ಎದೆ ಬಡಿದುಕೊಳ್ಳುತ್ತದೆ, ಉಸಿರು ಬಿರುಸಾಗುತ್ತದೆ, ಮೈ ಬೆವರುತ್ತದೆ, ಕಾಲಿಗೆ ಓಡುವ ಬಲ ಬರುತ್ತದೆ. ಮಿದುಳಿನೊಳಗಿನ ಅಪಾಯದ ಗಂಟೆ ಬಾರಿಸಿ, ರಕ್ತಕ್ಕೆ ಅಡ್ರಿನಲಿನ್ ಎಂಬ ರಸ ಸೇರಿ ಇಷ್ಟೂ ನಡೆಯುತ್ತದೆಂದು ವೈದ್ಯರು ವಿವರಿಸುತ್ತಾರೆ. ತೋಟ ಕಾಯುವ ನಾಯಿ ಕಳ್ಳನನ್ನು ಕಂಡು ಬೊಗಳಿದರೆ ಅದು ಒಳ್ಳೆಯ ನಾಯಿ. ಅಡಿಕೆ ಹಾಳೆ ಬಿದ್ದರೂ, ಗಾಳಿ ಬೀಸಿದರೂ, ಏನೂ ಇಲ್ಲದಿದ್ದರೂ ರಾತ್ರಿಯಿಡೀ ಬೊಗಳುತ್ತಿದ್ದರೆ ಮನೆಯವರು ನಿದ್ದೆ ಮಾಡುವುದು ಹೇಗೆ? ಹಾವಿಲ್ಲದೆ ಹಾವಿನ ಭಯ ತಿಂಗಳುಗಟ್ಟಲೆ ಮೈಯಲ್ಲಿ ನಿಂತು, ಉಣ್ಣುವುದಕ್ಕೆ, ದುಡಿಯುವುದಕ್ಕೆ, ನಾಲ್ಕು ಜನರಲ್ಲಿ ಕೂಡುವುದಕ್ಕೆ ಅಡ್ಡ ಬಂದಾಗ ಅದನ್ನು ಕಾಯಿಲೆ ಎನ್ನುತ್ತಾರೆ. ಅದರಲ್ಲಿಯೂ ಭೇದಗಳಿವೆ. ಕೆಲವರಿಗೆ ಎಲ್ಲದರ ಬಗ್ಗೆಯೂ ಸದಾ ಕಳವಳ. ಕೆಲವರಿಗೆ ಇದ್ದಕ್ಕಿದ್ದಂತೆ ಸಿಡಿಲು ಬಡಿದ ಹಾಗೆ ಗಾಬರಿ ಬಂದು, ಹತ್ತು ನಿಮಿಷದಲ್ಲಿ ನೆತ್ತಿಗೇರಿ, ಈಗಲೇ ಪ್ರಾಣ ಹೋಯಿತು ಎನ್ನಿಸಿ, ಆಮೇಲೆ ಇಳಿಯುತ್ತದೆ. ಕೆಲವರಿಗೆ ಜನರೆದುರು ನಿಂತರೆ ಭಯ, ಕೆಲವರಿಗೆ ಬಸ್ಸು ಹತ್ತಿದರೆ ಭಯ.

ನಮ್ಮ ಮಠಕ್ಕೆ ನಡೆದುಕೊಳ್ಳುವ ಮನೆತನದ ಒಬ್ಬ ತಾಯಿಯ ಸಂಗತಿ ಹೇಳುತ್ತೇವೆ. ಊರು ಹೆಸರು ಬೇಡ. ಎರಡು ಎಕರೆ ತೋಟ, ಗಂಡ ಸಜ್ಜನ, ಇಬ್ಬರು ಮಕ್ಕಳು. ಒಂದು ದಿನ ಸಂತೆಯಲ್ಲಿ ನಿಂತಿದ್ದಾಗ ಆಕೆಗೆ ಎದೆ ಹಿಡಿದುಕೊಂಡಂತಾಗಿ ಕುಸಿದು ಕುಳಿತರು. ಪಟ್ಟಣದ ಆಸ್ಪತ್ರೆಗೆ ಒಯ್ದರು. ಹೃದಯ ಚೆನ್ನಾಗಿದೆ ಎಂದು ಕಳಿಸಿದರು. ಮತ್ತೆ ಬಂತು, ಮತ್ತೆ ಒಯ್ದರು, ಅದೇ ಮಾತು. ಮೂರನೆಯ ಸಲ ಮನೆಯವರು ಆಸ್ಪತ್ರೆಯನ್ನು ಬಿಟ್ಟು ಮಂತ್ರವಾದಿಯ ಬಳಿಗೆ ಹೋದರು. ಅವನು ಗಾಳಿ ಸೋಕಿದೆ ಎಂದ. ಆಕೆಯ ಒಂದು ಜೊತೆ ಬಳೆ ಅಡವಿಗೆ ಹೋಯಿತು. ಆ ತಾಯಿ ಸಂತೆಗೆ ಹೋಗುವುದನ್ನು ಬಿಟ್ಟರು, ನಂತರ ತವರಿಗೆ ಹೋಗುವುದನ್ನು ಬಿಟ್ಟರು, ಕೊನೆಗೆ ಹಿತ್ತಿಲಿಗೂ ಒಬ್ಬರೇ ಹೋಗಲಾರದಂತಾದರು. ಮೂರು ವರ್ಷ ಹೀಗೆಯೇ ಹೋಯಿತು. ಅತ್ತೆಯವರು ಅವರನ್ನು ನಮ್ಮ ಮುಂದೆ ಕೂರಿಸಿ ಹೇಳಿದ ಮಾತು ಇದು: “ಬುದ್ಧಿ, ಇವಳಿಗೆ ಭಕ್ತಿ ಸಾಲದು. ಪೂಜೆಗೆ ಕೂತರೂ ನಡುಗ್ತಾಳೆ. ತಾವೇ ಬುದ್ಧಿ ಹೇಳಬೇಕು.” ಆ ಸೊಸೆ ತಲೆಯೆತ್ತಲಿಲ್ಲ. ಮೂರು ವರ್ಷದ ನರಳಿಕೆಗಿಂತ ಈ ಮಾತು ಆಕೆಗೆ ಹೆಚ್ಚು ನಾಟಿದೆ ಎಂಬುದು ನಮಗೆ ಕಾಣುತ್ತಿತ್ತು. ಆ ತಾಯಿಯ ಮಾತಿಗೆ ಆಮೇಲೆ ಬರುತ್ತೇವೆ.

ಇಂಥವರು ಎಷ್ಟು ಜನ? ಬಹು ಕಾಲದವರೆಗೆ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅದಕ್ಕೆ ಕಾರಣವಿದೆ. ದಫ್ತರದಲ್ಲಿ ಬರೆಯುತ್ತಿದ್ದುದು ಹುಟ್ಟಿದವರನ್ನು, ಸತ್ತವರನ್ನು. ಕಾಲರಾದಿಂದ ಇಷ್ಟು, ಪ್ಲೇಗಿನಿಂದ ಇಷ್ಟು ಎಂದು ಲೆಕ್ಕ ಸಿಗುತ್ತಿತ್ತು. ಆತಂಕದಿಂದ ಸತ್ತನೆಂದು ಯಾವ ದಫ್ತರದಲ್ಲಿಯೂ ಬರೆಯುವುದಿಲ್ಲ. ಹಾಗಾಗಿ ಇಪ್ಪತ್ತು ವರ್ಷ ಮನೆಯ ಮೂಲೆಯಲ್ಲಿ ನಡುಗುತ್ತ ಕಳೆದವನ ನೋವು ಸರ್ಕಾರದ ಕಣ್ಣಿಗೆ ಸೊನ್ನೆ. 1990ರ ದಶಕದಲ್ಲಿ ವಿಶ್ವಬ್ಯಾಂಕು ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಕ್ರಿಸ್ಟೋಫರ್ ಮರ್ರೆ, ಆಲನ್ ಲೋಪೆಜ್ ಎಂಬ ಇಬ್ಬರು ವಿದ್ವಾಂಸರು ಬೇರೊಂದು ಲೆಕ್ಕವನ್ನು ತಂದರು. ಅಕಾಲದಲ್ಲಿ ಸತ್ತವನು ಕಳೆದುಕೊಂಡ ವರ್ಷಗಳನ್ನು ಎಣಿಸುವುದು, ಅದರ ಜೊತೆಗೆ ಬದುಕಿದ್ದೂ ರೋಗದಿಂದ ಆರೋಗ್ಯ ಕಳೆದುಕೊಂಡು ಕಳೆದ ವರ್ಷಗಳನ್ನು ಅದರ ತೀವ್ರತೆಗೆ ತಕ್ಕಂತೆ ತೂಗಿ ಎಣಿಸುವುದು, ಎರಡನ್ನೂ ಕೂಡಿಸುವುದು. ಇದನ್ನು ರೋಗದ ಹೊರೆ ಎಂದು ಕರೆದರು. ಹೊರೆ ಎಂಬ ಮಾತು ಚೆನ್ನಾಗಿದೆ. ಹೊತ್ತವನಿಗೆ ಮಾತ್ರ ಅದರ ಭಾರ ಗೊತ್ತು. ಈ ಲೆಕ್ಕ ಬಂದಮೇಲೆ ಮನಸ್ಸಿನ ರೋಗಗಳು ಪಟ್ಟಿಯ ಕೆಳಗಿನಿಂದ ಮೇಲಕ್ಕೆ ಬಂದವು. ನೋವು ಹೊಸದಾಗಿ ಹುಟ್ಟಿದ್ದಲ್ಲ, ಎಣಿಕೆಗೆ ಸಿಕ್ಕಿತು.

2019ರಲ್ಲಿ ಜಗತ್ತಿನಲ್ಲಿ ಆತಂಕದ ಕಾಯಿಲೆಯಿಂದ ಬಳಲುತ್ತಿದ್ದವರು 30 ಕೋಟಿಗೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮನೋರೋಗಗಳಲ್ಲೆಲ್ಲ ಹೆಚ್ಚು ಜನರಿಗಿರುವುದು ಇದೇ. ನಮ್ಮ ಭರತಖಂಡದ ಲೆಕ್ಕವೂ ಇದೆ. 2017ನೆಯ ವರ್ಷಕ್ಕೆ ಅನ್ವಯಿಸಿ, ರಾಜ್ಯ ರಾಜ್ಯಗಳ ಅಂಕಿ ಅಂಶಗಳನ್ನು ತೆಗೆದು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ವರ್ಷ ಭಾರತದಲ್ಲಿ ಒಂದಲ್ಲ ಒಂದು ಮನೋವ್ಯಾಧಿಯಿದ್ದವರು 19.7 ಕೋಟಿ, ಅಂದರೆ ಏಳು ಜನರಲ್ಲಿ ಒಬ್ಬರು. ಅದರಲ್ಲಿ ಖಿನ್ನತೆಯವರು ಸುಮಾರು 4.6 ಕೋಟಿ, ಆತಂಕದವರು ಸುಮಾರು 4.5 ಕೋಟಿ. ಕರ್ನಾಟಕದ ಒಟ್ಟು ಜನಸಂಖ್ಯೆ 2011ರ ಜನಗಣತಿಯಲ್ಲಿ 6.1 ಕೋಟಿ. ಈ ಹೋಲಿಕೆಯಿಂದ ಎಷ್ಟು ಜನವೆಂದು ತಾವು ಊಹಿಸಬಹುದು. ದೇಶದ ಒಟ್ಟು ರೋಗದ ಹೊರೆಯಲ್ಲಿ ಮನೋರೋಗಗಳ ಪಾಲು 1990ರಲ್ಲಿ ನೂರಕ್ಕೆ 2.5 ಇದ್ದದ್ದು 2017ರಲ್ಲಿ 4.7 ಆಯಿತು. ಆಮೇಲೆ ಕೋವಿಡ್ ಬಂತು. 2020ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಆತಂಕದ ಕಾಯಿಲೆ ನೂರಕ್ಕೆ 25ರಷ್ಟು ಏರಿತೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಹೆಂಗಸರಿಗೂ ಎಳೆಯರಿಗೂ ಹೆಚ್ಚಿನ ಪೆಟ್ಟು. ಆ ದಿನಗಳನ್ನು ನೆನೆದರೆ ಇದು ಆಶ್ಚರ್ಯವಲ್ಲ.

ಈ ಲೆಕ್ಕದಲ್ಲಿ ನಮ್ಮನ್ನು ಯೋಚನೆಗೆ ಹಚ್ಚಿದ ಎರಡು ಸಂಗತಿಗಳಿವೆ. ಒಂದು, ಖಿನ್ನತೆ ಮತ್ತು ಆತಂಕಗಳು ಉತ್ತರದ ಹಿಂದುಳಿದ ರಾಜ್ಯಗಳಿಗಿಂತ ಶಾಲೆ, ರಸ್ತೆ, ಆಸ್ಪತ್ರೆ ಎಲ್ಲ ಚೆನ್ನಾಗಿರುವ ದಕ್ಷಿಣದ ರಾಜ್ಯಗಳಲ್ಲಿ ಸಾಮಾನ್ಯವಾಗಿ ಹೆಚ್ಚು. ನಮ್ಮವರಿಗೆ ಅನ್ನಕ್ಕೆ ಕೊರತೆಯಿಲ್ಲ, ಹಾಗಿದ್ದೂ ನಿದ್ದೆಗೆ ಕೊರತೆ! ಊರು ಬಿಟ್ಟು ಪಟ್ಟಣ ಸೇರುವುದು, ಕೂಡುಕುಟುಂಬ ಒಡೆಯುವುದು, ನೆರೆಯವನ ಮಗನಿಗಿಂತ ನನ್ನ ಮಗ ಒಂದು ಅಂಕ ಹೆಚ್ಚು ತೆಗೆಯಬೇಕೆಂಬ ಹಟ, ಇವೂ ಕಾರಣವಿರಬಹುದೆಂದು ನಮ್ಮ ಅಭಿಪ್ರಾಯ. ಹಾಗೆಂದು ಇದು ಉಳ್ಳವರ ರೋಗವೆಂದು ತಿಳಿಯಬಾರದು. ಬಡವನನ್ನು ಕಾಡುವುದು ಇಂದಿನ ಹಸಿವಿಗಿಂತ ನಾಳೆ ಏನೋ ಎಂಬ ಅಭದ್ರತೆ. ಬಡದೇಶಗಳಲ್ಲಿ ಸಂಶೋಧನೆ ಮಾಡಿದವರು ಇದನ್ನೇ ಹೇಳಿದ್ದಾರೆ. ಎರಡನೆಯದು, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ಮನೆ ಮನೆಗೆ ಹೋಗಿ ನಡೆಸಿದ ಸಮೀಕ್ಷೆಯಲ್ಲಿ ಈ ಬಗೆಯ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಕಂಡುಬಂತು. ಇದು ಹೆಂಗಸಿನ ಸ್ವಭಾವ ಎಂದು ಗಂಡಸರು ನಗಬೇಡಿ. ಕುಡಿದು ಬರುವ ಗಂಡನ ಹೆಜ್ಜೆಯ ಸದ್ದಿಗೆ ಹತ್ತು ವರ್ಷ ಕಿವಿಗೊಟ್ಟು ಕುಳಿತವಳ ಎದೆ ಹೊಡೆದುಕೊಳ್ಳದೆ ಇನ್ನೇನು ಮಾಡೀತು? ಈ ಸಭೆಯಲ್ಲಿ ಅಂಥ ಗಂಡಂದಿರಿದ್ದರೆ, ಹೆಂಡತಿಯ ಔಷಧಿ ಅವರ ಕೈಯಲ್ಲಿಯೂ ಅರ್ಧ ಇದೆ.

ಆ ಸಮೀಕ್ಷೆಯ ಇನ್ನೊಂದು ಮಾತು ಎಲ್ಲಕ್ಕಿಂತ ದುಃಖದ್ದು. ರೋಗವಿದ್ದೂ ಚಿಕಿತ್ಸೆ ದೊರೆಯದವರು, ಆಯಾ ರೋಗವನ್ನು ಅನುಸರಿಸಿ, ನೂರಕ್ಕೆ 70ರಿಂದ 92 ಮಂದಿ. ಔಷಧಿ ಇಲ್ಲದ ರೋಗವಾಗಿದ್ದರೆ ಅದು ಬೇರೆ ಮಾತು. ಔಷಧಿ ಇದೆ, ಕೊಡುವವರು ಇದ್ದಾರೆ, ರೋಗಿ ಹೋಗುವುದಿಲ್ಲ. ಏಕೆ ಹೋಗುವುದಿಲ್ಲ? ದೂರ, ಹಣ, ಮನೋವೈದ್ಯರ ಕೊರತೆ, ಇವು ನಿಜ. ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ಆದರೆ ಇದಕ್ಕೂ ಮೊದಲಿನ ಅಡ್ಡಿ ನಾಚಿಕೆ. ನೆರೆಯ ನೇಪಾಳದಲ್ಲಿ ಸಂಶೋಧಕರು ಒಂದು ಸ್ವಾರಸ್ಯವನ್ನು ಕಂಡಿದ್ದಾರೆ. ಅಲ್ಲಿ ‘ಮನ್’ ಎಂಬುದು ಬೇರೆ, ‘ದಿಮಾಗ್’ ಎಂಬುದು ಬೇರೆ. ಮನ್ ನೊಂದಿದೆ ಎಂದರೆ ಜನ ಅನುಕಂಪ ತೋರುತ್ತಾರೆ, ಯಾರಿಗೆ ನೋವಿಲ್ಲ ಎನ್ನುತ್ತಾರೆ. ದಿಮಾಗ್ ಕೆಟ್ಟಿದೆ ಎಂದರೆ ಹುಚ್ಚನೆಂದು ದೂರವಿಡುತ್ತಾರೆ. ನಮ್ಮಲ್ಲಿಯೂ ಹಾಗೆಯೇ ಅಲ್ಲವೇ? “ಮನಸ್ಸು ಸರಿಯಿಲ್ಲ” ಎಂದು ಯಾರೂ ಹೇಳಬಹುದು. “ತಲೆ ಸರಿಯಿಲ್ಲ” ಎಂದರೆ ಆ ಮನೆಗೆ ಹೆಣ್ಣು ಕೊಡುವವರಿಲ್ಲ. ಮನೋವೈದ್ಯರ ಬಾಗಿಲಿಗೆ ಹೋದರೆ ಮನಸ್ಸು ಸರಿಯಿಲ್ಲದವನು ತಲೆ ಸರಿಯಿಲ್ಲದವನಾಗಿಬಿಡುತ್ತಾನೆಂಬ ಭಯ. ಭಯದ ರೋಗಕ್ಕೆ ಇನ್ನೊಂದು ಭಯ ಕಾವಲು ನಿಂತಿದೆ.

ಈ ದಕ್ಷಿಣ ಏಷ್ಯಾದಲ್ಲಿಯೇ ದಾರಿ ಕಂಡವರೂ ಇದ್ದಾರೆ. ಅದರಲ್ಲಿ ಮೊದಲ ಹೆಸರು ನಮ್ಮ ಬಳ್ಳಾರಿಯದು. ಭಾರತ ಸರ್ಕಾರ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಹಾಕಿಕೊಂಡಮೇಲೆ, ಅದನ್ನು ಒಂದು ಜಿಲ್ಲೆಯಲ್ಲಿ ನಡೆಸಿ ನೋಡಬೇಕೆಂದು ನಿಮ್ಹಾನ್ಸಿನವರು 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಕೆಲಸ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಹಳ್ಳಿ ಸುತ್ತುವ ಆರೋಗ್ಯ ಸಹಾಯಕರಿಗೆ ತರಬೇತಿ ಕೊಟ್ಟು, ಅಗತ್ಯ ಔಷಧಿಗಳನ್ನು ಅಲ್ಲಿಯೇ ಇಡಿಸಿದರು. ದೊಡ್ಡ ಆಸ್ಪತ್ರೆಗೆ ರೋಗಿ ಹೋಗುವ ಬದಲು ಚಿಕಿತ್ಸೆಯೇ ಹಳ್ಳಿಗೆ ಹೋಯಿತು. ಆ ಮಾದರಿಯನ್ನೇ 1996ರಲ್ಲಿ ಬೇರೆ ರಾಜ್ಯಗಳ ಜಿಲ್ಲೆಗಳಿಗೂ ಹಬ್ಬಿಸತೊಡಗಿದರು. ಬಿಸಿಲಿಗೂ ಗಣಿಗೂ ಹೆಸರಾದ ಬಳ್ಳಾರಿಗೆ ಈ ಹೆಸರೂ ಇದೆಯೆಂಬುದು ನಮ್ಮ ಕಡೆಯ ಎಷ್ಟು ಜನರಿಗೆ ಗೊತ್ತು? ಗೋವೆಯಲ್ಲಿ ಆಮೇಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ವೈದ್ಯಶಾಸ್ತ್ರ ಓದದ ಸಾಮಾನ್ಯ ಯುವತಿಯರಿಗೆ ತರಬೇತಿ ಕೊಟ್ಟು, ಖಿನ್ನತೆ ಆತಂಕಗಳಿದ್ದವರ ಜೊತೆ ಕುಳಿತು ಮಾತನಾಡಿಸಿದರು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಅಂಥ ಸಹಾಯ ಸಿಕ್ಕವರು ಸಿಗದವರಿಗಿಂತ ಹೆಚ್ಚಾಗಿ ಗುಣ ಹೊಂದಿದರೆಂದು 2010ರಲ್ಲಿ ವರದಿಯಾಯಿತು. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಊರಿನ ಆರೋಗ್ಯ ಕಾರ್ಯಕರ್ತೆಯರೇ ಮನೆಗಳಿಗೆ ಹೋಗಿ ಖಿನ್ನರಾದ ಬಾಣಂತಿಯರನ್ನು ಮಾತಿನ ಚಿಕಿತ್ಸೆಯಿಂದ ಎಬ್ಬಿಸಿದ್ದು 2008ರಲ್ಲಿ ಪ್ರಕಟವಾಗಿತ್ತು. ಖಿನ್ನತೆ ಆತಂಕಗಳು ಒಂದೇ ಮನೆಯಲ್ಲಿ ಬಾಳುವ ವಾರಗಿತ್ತಿಯರು, ಒಬ್ಬಳು ಬಂದರೆ ಇನ್ನೊಬ್ಬಳೂ ಬರುವುದು ಬಹಳ.

ಈಗ ಆ ತಾಯಿಯ ಮಾತು. ಅತ್ತೆಯವರಿಗೆ ನಾವು ಹೇಳಿದೆವು: “ಅವ್ವಾ, ನಿಮಗೆ ಮಂಡಿನೋವಿದೆ. ಪೂಜೆಗೆ ಕುಳಿತರೆ ನೋಯುತ್ತದೆ. ಅದು ನಿಮ್ಮ ಭಕ್ತಿಯ ಕೊರತೆಯೇ?” ಅವರು ಮಾತನಾಡಲಿಲ್ಲ. ನಮ್ಮ ಶಾಲೆಯ ಒಬ್ಬ ಉಪಾಧ್ಯಾಯಿನಿಯನ್ನು ಜೊತೆಮಾಡಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆವು. ಅಲ್ಲಿಯ ವೈದ್ಯರು ಮೊದಲು ಥೈರಾಯ್ಡ್ ಗ್ರಂಥಿಯನ್ನು ಪರೀಕ್ಷೆ ಮಾಡಿಸಿದರು; ಅದು ಕೆರಳಿದರೂ ಎದೆ ಬಡಿತ, ನಡುಕ ಬರುತ್ತವಂತೆ. ಆಮೇಲೆ ಒಂದು ಮಾತ್ರೆ ಬರೆದುಕೊಟ್ಟು, ಇದು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು, ನಡುವೆ ಬಿಡಬಾರದು ಎಂದರು. ಮಾತ್ರೆಯ ಜೊತೆಗೆ ಮಾತಿನ ಚಿಕಿತ್ಸೆ. ಮೊದಲ ವಾರ ಅಂಗಳದವರೆಗೆ, ಮರುವಾರ ಬಾವಿಯವರೆಗೆ, ಅದರ ಮುಂದಿನ ವಾರ ಬೀದಿಯ ತುದಿಯವರೆಗೆ ನಡೆಯಿರಿ, ಗಾಬರಿ ಬಂದರೆ ಓಡಿಬರದೆ ಅಲ್ಲಿಯೇ ನಿಲ್ಲಿ, ಅದು ಏರಿ ತಾನೇ ಇಳಿಯುತ್ತದೆ ನೋಡಿ ಎಂದು ಹೇಳಿಕೊಟ್ಟರು. ವರ್ಷದ ಹತ್ತಿರ ಹಿಡಿಯಿತು. ಈಗ ಅವರು ಸಂತೆಗೆ ಒಬ್ಬರೇ ಹೋಗಿ ಬರುತ್ತಾರೆ. ಆಗಾಗ ಅಂಜಿಕೆ ಇಣುಕುವುದುಂಟಂತೆ. ಬಳೆ ಮಾತ್ರ ಇನ್ನೂ ಬಿಡಿಸಿಕೊಂಡಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು. ಎದೆನೋವು ಬಂದಾಗ ಇದು ಬರಿ ಆತಂಕವೆಂದು ಮನೆಯಲ್ಲಿಯೇ ತೀರ್ಮಾನಿಸಬೇಡಿ. ಹೃದಯವನ್ನು ವೈದ್ಯರು ನೋಡಿಯೇ ಹೇಳಬೇಕು. ಇನ್ನೊಂದು, ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ನಿದ್ದೆಮಾತ್ರೆ ಕೇಳಿ ತರುವ ಅಭ್ಯಾಸ ಬೇಡ. ಆಲ್‌ಪ್ರಜೋಲಮ್ ಮೊದಲಾದವು ಅರ್ಧ ಗಂಟೆಯಲ್ಲಿ ನೆಮ್ಮದಿ ಕೊಟ್ಟಂತೆ ಮಾಡಿ, ಕೆಲವು ವಾರಗಳಲ್ಲಿಯೇ ಚಟವಾಗಿ ಹಿಡಿಯುತ್ತವೆ, ಒಮ್ಮೆಲೇ ಬಿಟ್ಟರೆ ಅಪಾಯ. ವೈದ್ಯರು ಕೊಟ್ಟರೆ ಅವರು ಹೇಳಿದಷ್ಟೇ ದಿನ. ಇದೇ ಭಯವನ್ನು ಅಡಗಿಸಲು ಸೆರೆ ಕುಡಿಯುವವರ ಗತಿಯೂ ಇದೇ. ಆ ವಿಷಯ ಇನ್ನೊಂದು ದಿನಕ್ಕಿರಲಿ.

ಹಾಗಾದರೆ ಪೂಜೆ ಬೇಡವೇ, ಲಿಂಗಾನುಸಂಧಾನ ಬೇಡವೇ ಎಂದು ಕೇಳುವಿರಿ. ಬೇಕು. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿ ನಿಲ್ಲಿಸಿ ಕುಳಿತವನ ಉಸಿರು ತಾನಾಗಿ ನಿಧಾನವಾಗುವುದನ್ನು ನಾವು ದಿನವೂ ಕಾಣುತ್ತೇವೆ. ಆದರೆ ರೋಗ ಬಲಿತವನಿಗೆ ಕುಳಿತುಕೊಳ್ಳುವುದೇ ಆಗುವುದಿಲ್ಲ. ಅವನನ್ನು ಮೊದಲು ಕುಳಿತುಕೊಳ್ಳುವಂತೆ ಮಾಡಬೇಕು. ನಮ್ಮ ಬಳಿ ಬಂದವರಿಗೆ ನಾವು ವಿಭೂತಿ ಕೊಡುತ್ತೇವೆ, ಚೀಟಿಯನ್ನೂ ಬರೆದುಕೊಡುತ್ತೇವೆ. ವಿಭೂತಿಯನ್ನು ಮಾತ್ರ ತೆಗೆದುಕೊಂಡು ಚೀಟಿಯನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಹೋಗುವವರ ಮೇಲೆ ನಮಗೆ ಸ್ವಲ್ಪ ಕೋಪವುಂಟು.

ಯಾರಿಗೂ ಮುಖ ತೋರಿಸಲು ಇಷ್ಟವಿಲ್ಲದವರಿಗೆ ಇನ್ನೊಂದು ಅನುಕೂಲವಿದೆ. 2022ರ ಅಕ್ಟೋಬರ್ 10ರಂದು ಭಾರತ ಸರ್ಕಾರ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. ಸಂಖ್ಯೆ 14416. ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತನಾಡುತ್ತಾರೆ. ಈ ಸಂಖ್ಯೆಯನ್ನು ದಾಸೋಹದ ಮನೆಯ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದೇವೆ. ಓದಲು ಬಾರದವರು ಪಕ್ಕದವರನ್ನು ಕೇಳಿ ಬರೆಸಿಕೊಳ್ಳಿ.

ಬರುವ ಅಮಾವಾಸ್ಯೆಯ ದಿನ ಬೆಳಿಗ್ಗೆ 10 ಗಂಟೆಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರೊಬ್ಬರು ಮಠಕ್ಕೆ ಬರಲು ಒಪ್ಪಿದ್ದಾರೆ. ಗದ್ದುಗೆಯ ಹಿಂದಿನ ಕೊಠಡಿಯಲ್ಲಿ ಕೂಡುತ್ತಾರೆ. ಹೊರಗೆ ಫಲಕ ಹಾಕಿಸುವುದಿಲ್ಲ. ಗದ್ದುಗೆಯ ದರ್ಶನಕ್ಕೆ ಬಂದವರು ಹಾಗೆಯೇ ಒಳಗೆ ಹೋಗಬಹುದು, ಯಾರು ಎಲ್ಲಿಗೆ ಹೋದರೆಂದು ಯಾರೂ ಕೇಳುವುದಿಲ್ಲ. ಮೊದಲೇ ಹೃದಯದ ಪರೀಕ್ಷೆ ಮಾಡಿಸಿದ್ದವರು ಆ ಕಾಗದಗಳನ್ನು ತನ್ನಿ, ಈಗ ನುಂಗುತ್ತಿರುವ ಮಾತ್ರೆಗಳನ್ನೂ ತನ್ನಿ. ದೂರದ ಊರಿನವರಿಗೆ ಹಿಂದಿನ ರಾತ್ರಿ ಉಳಿಯಲು ಏರ್ಪಾಡು ಮಾಡಿದ್ದೇವೆ. ಈಗ ಮಂಗಳಾರತಿಯಾಗುತ್ತದೆ, ಎಲ್ಲರೂ ಪ್ರಸಾದ ಸ್ವೀಕರಿಸಿಯೇ ಹೋಗಬೇಕು.